ರಟ್ಟಿನ ಮೇಲೆ ಬರೆದಿದ್ದ ಹೆಸರು

ಅಳತೆಗೆ ಸಿಗದ ಯಾವುದನ್ನೂ ನಾನು ನಂಬುತ್ತಿರಲಿಲ್ಲ. ಸರ್ವೆಯರ್ ಆಗಿ ಕಡೂರು, ತರೀಕೆರೆ ಸೀಮೆಯ ಹೊಲಗಳಲ್ಲಿ ಸರಪಳಿ ಎಳೆಸಿಕೊಂಡು ಓಡಾಡಿದವನು ನಾನು. ಇಂಥ ಹುಣಸೆಮರದಲ್ಲಿ ದೆವ್ವವಿದೆ ಎಂದು ಯಾರಾದರೂ ಹೆದರಿಸಿದರೆ, ಬೇಕೆಂದೇ ಅದರ ಬುಡದಲ್ಲಿ ಬುತ್ತಿ ಬಿಚ್ಚಿ ಉಣ್ಣುತ್ತಿದ್ದೆ. ಉಂಡಾದ ಮೇಲೆ ಒಂದು ನಿದ್ದೆಯನ್ನೂ ತೆಗೆಯುತ್ತಿದ್ದೆ. ಹಾಗಾಗಿ ಮುಂದೆ ಬರೆಯುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಗುತ್ತಿದ್ದೆ.

ಇದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಡೆದದ್ದು. ಅದನ್ನು ಹೇಳುವ ಮುಂಚೆ ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು.

ಅಜ್ಜಂಪುರದಲ್ಲಿ ನಮ್ಮ ತಂದೆಯವರದು ಒಂದು ಹಿಟ್ಟಿನ ಗಿರಣಿ. ನಾವು ಇಬ್ಬರು ಗಂಡುಮಕ್ಕಳು. ಅಣ್ಣ ಓಂಕಾರಪ್ಪನಿಗೆ ಓದು ಹತ್ತಲಿಲ್ಲ, ಆದರೆ ಯಂತ್ರದ ಮೇಲೆ ಕೈಯಿಟ್ಟರೆ ಅದು ಇವನ ಮಾತು ಕೇಳುತ್ತಿತ್ತು. ಮೈಸೂರಿಗೆ ಹೋಗಿ ಡೀಸೆಲ್ ಇಂಜಿನ್ನಿನ ಕೆಲಸ ಕಲಿಯುತ್ತೇನೆ ಎಂದು ಅವನು ಹಟ ಹಿಡಿದಿದ್ದ. ಗಿರಣಿ ನೋಡಿಕೊಳ್ಳುವವರು ಯಾರು ಎಂದು ಅಪ್ಪ ಒಪ್ಪಿರಲಿಲ್ಲ. ಅದೇ ವಾರ ಅಮ್ಮನ ಎರಡೆಳೆಯ ಚಿನ್ನದ ಸರ ಕಾಣೆಯಾಯಿತು. ಅಪ್ಪ ಒಂದು ಮಾತೂ ವಿಚಾರಿಸಲಿಲ್ಲ. ರಾಗಿ ಬೀಸಿಸಲು ಬಂದು ನಿಂತಿದ್ದ ಹತ್ತಾರು ಜನರ ಎದುರಿಗೇ ಅಣ್ಣನ ಕೆನ್ನೆಗೆ ಹೊಡೆದು, "ಕಳ್ಳ ನನ್ ಮಗ ಆಗಕ್ಕಿಲ್ಲ, ನಡಿ" ಅಂದುಬಿಟ್ಟರು. ಅಣ್ಣ ಅಂಗಿಗೆ ಮೆತ್ತಿದ್ದ ಹಿಟ್ಟನ್ನೂ ಕೊಡವಿಕೊಳ್ಳದೆ ನೆಟ್ಟಗೆ ಸ್ಟೇಷನ್ನಿಗೆ ನಡೆದ. ಮಧ್ಯಾಹ್ನದ ರೈಲಿಗೆ ಹೋದವನು ಮತ್ತೆ ಬರಲಿಲ್ಲ. ಆಗ ಅವನಿಗೆ ಇಪ್ಪತ್ತೆರಡು, ನನಗೆ ಹದಿನೆಂಟು.

ಎಂಟು ತಿಂಗಳಾದ ಮೇಲೆ ಕಣಜ ಸರಿಸಿದಾಗ ಅದರ ಅಡಿಯಲ್ಲಿ ಸರ ಸಿಕ್ಕಿತು. ಅಮ್ಮ ಕಟ್ಟಿಟ್ಟಿದ್ದ ಬಟ್ಟೆಗಂಟನ್ನು ಇಲಿ ಎಳೆದುಕೊಂಡು ಹೋಗಿತ್ತು.

ಅವತ್ತಿನಿಂದ ಅಪ್ಪ ಮಾತು ಕಡಿಮೆ ಮಾಡಿದರು. ಸೋಮವಾರಗಳಂದು ಬೀರೂರು ಜಂಕ್ಷನ್ನಿಗೆ ಹೋಗಿ, ಬಂದ ರೈಲುಗಳನ್ನೆಲ್ಲ ನೋಡಿ, ಸಂಜೆಗೆ ವಾಪಸಾಗುತ್ತಿದ್ದರು. ಯಾಕೆ ಹೋಗಿದ್ದಿರಿ ಎಂದು ಯಾರೂ ಕೇಳುತ್ತಿರಲಿಲ್ಲ. ಬೀರೂರಿನಿಂದಾಚೆ ಅವರು ಕಂಡ ಊರುಗಳು ಕಡಿಮೆ, ಬೆಂಗಳೂರನ್ನೂ ನೋಡಿದವರಲ್ಲ. ಹೀಗೆ ಹತ್ತು ವರ್ಷ ಕಾಯ್ದು ತೀರಿಕೊಂಡರು. ನಾನು ಹೇಳುತ್ತಿರುವ ಘಟನೆ ನಡೆದದ್ದು ಅವರು ತೀರಿಕೊಂಡು ಮೂರು ವರ್ಷವಾದ ಮೇಲೆ.

ನನ್ನ ಮಾವನವರು ತರೀಕೆರೆಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿದ್ದರು. ಆ ವರ್ಷ ವ್ಯಾಪಾರ ಚೆನ್ನಾಗಿ ಆಯಿತೆಂದು ಕಂಪನಿಯವರು ಕೆಲವು ಡೀಲರುಗಳನ್ನು ವಿಮಾನದಲ್ಲಿ ಕಲ್ಕತ್ತೆಗೆ ಪ್ರವಾಸ ಕರೆದೊಯ್ಯುವುದೆಂದಾಯಿತು. ಮಾವನವರು ಹೊಸ ಕೋಟು ಹೊಲಿಸಿಕೊಂಡು ಕಾಯುತ್ತಿದ್ದರು. ಹೊರಡಲು ಎರಡು ದಿನವಿದೆ ಎನ್ನುವಾಗ ಅವರ ಕಣ್ಣು ಹಳದಿಯಾಯಿತು, ಕಾಮಾಲೆ. "ಟಿಕೀಟು ಸುಮ್ನೆ ಹಾಳಾಗದು ಬ್ಯಾಡ, ನೀವೇ ಹೋಗ್ಬನ್ನಿ ಅಳಿಯಂದ್ರೆ" ಎಂದು ನನ್ನನ್ನು ಹೊರಡಿಸಿದರು. ಆ ಕಾಲದಲ್ಲಿ ಯಾರು ಏನೆಂದು ಅಷ್ಟಾಗಿ ನೋಡುತ್ತಿರಲಿಲ್ಲ. ಲಿಸ್ಟಿನಲ್ಲಿ ಮಾವನವರ ಹೆಸರೇ ಇತ್ತು, ನಾನು ಅದೇ ಹೆಸರಿನಲ್ಲಿ ವಿಮಾನ ಹತ್ತಿದೆ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಆ ವಿಮಾನದಲ್ಲಿ ನಾನಿದ್ದೇನೆಂಬುದು ನಮ್ಮ ಮನೆಯವರಿಗೆ ಮತ್ತು ಜೊತೆಗಿದ್ದವರಿಗೆ ಬಿಟ್ಟರೆ ಇನ್ನಾರಿಗೂ ಗೊತ್ತಿರುವ ಸಾಧ್ಯತೆಯೇ ಇರಲಿಲ್ಲ.

ನನ್ನ ಪಕ್ಕದಲ್ಲಿ ಕುಳಿತವರು ಕಡೂರಿನ ಡೀಲರು ಮರುಳಪ್ಪನವರು, ಐವತ್ತು ದಾಟಿದ ಧಾರಾಳ ಮನುಷ್ಯ. ದಾರಿಯುದ್ದಕ್ಕೂ ಅವರು ಮನೆಯಿಂದ ತಂದ ಕೋಡುಬಳೆ ತಿನ್ನುತ್ತ, ವಿಮಾನ ವಾಲಿದಾಗಲೆಲ್ಲ ನನ್ನ ಮೊಣಕೈ ಹಿಡಿದುಕೊಳ್ಳುತ್ತಿದ್ದರು. ಕಲ್ಕತ್ತೆಯಲ್ಲಿ ಇಳಿದಾಗ ಸಂಜೆ ಆರು ಗಂಟೆ ಇರಬಹುದು, ಆಗಲೇ ಕತ್ತಲಾಗಿತ್ತು. ಅಷ್ಟು ಬೇಗ ಕತ್ತಲಾಗುವುದು ನಮಗೆ ಹೊಸದು. ಸಾಮಾನು ಹಿಡಿದು ಹೊರಗೆ ಬಂದೆವು. ಕಂಪನಿಯ ಬಸ್ಸು ಬರುವುದಿತ್ತು. ಎದುರಿಗೆ ಕಟಕಟೆಯಾಚೆ ಜನ ಹೆಸರು ಬರೆದ ಹಲಗೆಗಳನ್ನು ಎತ್ತಿ ಹಿಡಿದಿದ್ದರು. ಎಲ್ಲ ಇಂಗ್ಲಿಷು, ಬಂಗಾಳಿ.

ಅವುಗಳ ನಡುವೆ ಒಂದು ರಟ್ಟಿನ ತುಂಡಿನ ಮೇಲೆ ಕನ್ನಡ ಕಂಡಿತು. "ಚಿಕ್ಕ, ಅಜ್ಜಂಪುರ" ಎಂದು ಬರೆದಿತ್ತು.

ನಾನು ನಿಂತಲ್ಲೇ ನಿಂತುಬಿಟ್ಟೆ. ಚಿಕ್ಕ ಎನ್ನುವುದು ನನ್ನ ರುಜುವಿನ ಹೆಸರಲ್ಲ. ಶಾಲೆಯಲ್ಲಾಗಲಿ, ಕಚೇರಿಯಲ್ಲಾಗಲಿ, ಹೆಂಡತಿಯ ಮನೆಯಲ್ಲಾಗಲಿ ಯಾರಿಗೂ ಅದು ಗೊತ್ತಿರಲಿಲ್ಲ. ಹಾಗೆ ಕರೆಯುತ್ತಿದ್ದವರು ಮೂರೇ ಜನ, ಅಪ್ಪ, ಅಮ್ಮ ಮತ್ತು ಅಣ್ಣ.

ರಟ್ಟು ಹಿಡಿದಿದ್ದವನು ಬಿಳಿ ಗಡ್ಡದ ಒಬ್ಬ ಸರದಾರ್ಜಿ, ಟ್ಯಾಕ್ಸಿ ಓಡಿಸುವವನು. ಹಿಂದಿ ಪರೀಕ್ಷೆಗಳಿಗೆ ಕಟ್ಟಿದ್ದರಿಂದ ನನಗೆ ಅಷ್ಟಿಷ್ಟು ಹಿಂದಿ ಬರುತ್ತಿತ್ತು. ಯಾರು ಕಳಿಸಿದರು ಎಂದು ಕೇಳಿದೆ. ಮನೆಯ ಹಿರಿಯರೊಬ್ಬರು ಕಳಿಸಿದ್ದಾರೆ, ಮನೆ ನನಗೆ ಗೊತ್ತಿದೆ, ಬೇಗ ಹತ್ತಿ ಅಂದ. ನನ್ನ ತಲೆಯಲ್ಲಿ ಒಂದೇ ಯೋಚನೆ ಬಂತು. ಅಣ್ಣ ಈ ಊರಲ್ಲಿದ್ದಾನೆ, ಹೇಗೋ ಅವನಿಗೆ ಸುದ್ದಿ ತಿಳಿದು ಮನೆಯ ಯಜಮಾನರ ಕೈಲಿ ಗಾಡಿ ಕಳಿಸಿದ್ದಾನೆ. ಹೇಗೆ ತಿಳಿಯಿತು ಎಂದು ಯೋಚಿಸುವಷ್ಟು ವ್ಯವಧಾನ ನನಗಿರಲಿಲ್ಲ.

ಮರುಳಪ್ಪನವರು ತಡೆದರು. "ಹೋಗ್ಬ್ಯಾಡಿ ಸರ್ವೆಯರ್ರೇ, ಗುರ್ತಿಲ್ಲದ ಊರು. ಹೆಚ್ಚುಕಮ್ಮಿ ಆದ್ರೆ ಕೇಳೋರ್ಯಾರು?" ಅಂದರು. ನಾನು ಆಗಲೇ ಟ್ಯಾಕ್ಸಿಯ ಬಾಗಿಲು ತೆಗೆದಿದ್ದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ, ಕಂಪನಿಯವರಿಗೆ ಕೂಗಿ ಹೇಳಿ, "ನಡೀರಿ ಮತ್ತೆ, ಒಬ್ರುನ್ನೇ ಎಂಗ್ ಬಿಡದು" ಎನ್ನುತ್ತ ಪಕ್ಕದಲ್ಲಿ ಬಂದು ಕುಳಿತರು. ಆ ಉಪಕಾರವನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ಅರ್ಧ ಗಂಟೆಗೂ ಮೀರಿ ಹೋದೆವು. ದಾರಿಯಲ್ಲಿ ಕರೆಂಟು ಹೋಗಿ ಇಡೀ ಬೀದಿಗಳು ಕಪ್ಪಾದವು. ಒಂದು ಕಾಲುವೆ ದಾಟಿ, ಯಾವುದೋ ಮಿಲ್ಲಿನ ಉದ್ದನೆಯ ಗೋಡೆಯ ಪಕ್ಕ ಓಣಿಯೊಂದರಲ್ಲಿ ಗಾಡಿ ನಿಂತಿತು. ಸರದಾರ್ಜಿ ಮೆಟ್ಟಿಲ ಕಡೆ ಕೈ ತೋರಿಸಿದ. ಲಾಟೀನು ಹಿಡಿದು ಬಾಗಿಲಿಗೆ ಬಂದ ಮನೆಯೊಡತಿ, ಒಬ್ಬ ಮುದುಕಿ, ನಮ್ಮನ್ನು ನೋಡಿ ಗಾಬರಿಯಾದಳು. ಯಾರೂ ನಮ್ಮನ್ನು ಎದುರು ನೋಡುತ್ತಿರಲಿಲ್ಲವೆಂಬುದು ಅವಳ ಮುಖದಲ್ಲೇ ತಿಳಿಯುತ್ತಿತ್ತು. ನಾನು ಅಣ್ಣನ ಹೆಸರು ಹೇಳಿದೆ. ಅವಳು ಲಾಟೀನನ್ನು ಮೇಲೆತ್ತಿ ಮಹಡಿಯ ಕೋಣೆಯನ್ನು ತೋರಿಸಿ ತಲೆಯಾಡಿಸಿದಳು.

ಬಾಗಿಲು ತಳ್ಳಿದರೆ ತೆರೆಯಿತು. ಒಳಗೆ ಕೆಟ್ಟ ವಾಸನೆ. ಚಾಪೆಯ ಮೇಲೆ ಒಂದು ಮೈ ಮುದುರಿ ಬಿದ್ದಿತ್ತು. ಮುಟ್ಟಿದೆ, ಕೆಂಡದಂತೆ ಸುಡುತ್ತಿತ್ತು. ಲಾಟೀನಿನ ಬೆಳಕಿನಲ್ಲಿ ಅವನು ಕಣ್ಣು ಅರೆ ತೆರೆದ. ಹದಿಮೂರು ವರ್ಷದಲ್ಲಿ ತಲೆ ಅರ್ಧ ನರೆತಿತ್ತು, ಆದರೆ ಮೂಗು, ಹುಬ್ಬು ನಮ್ಮ ಮನೆಯದೇ.

"ಚಿಕ್ಕ ಅಲ್ವೇನೋ?" ಅಂದ.

"ಹೂಂ ಕಣಣ್ಣ."

"ನೀರು" ಅಂದ. ಅಷ್ಟೇ. ಮತ್ತೆ ಪ್ರಜ್ಞೆ ತಪ್ಪಿತು.

ಮರುಳಪ್ಪನವರು ಕಾಲ ಕಡೆ, ನಾನು ತಲೆಯ ಕಡೆ ಹಿಡಿದು ಮೆಟ್ಟಿಲಿಳಿಸಿದೆವು. ಸರದಾರ್ಜಿ ಗಾಡಿಯನ್ನು ನಿಲ್ಲಿಸಿಕೊಂಡೇ ಇದ್ದ, ತಾನೇ ದಾರಿ ಬಿಡಿಸಿಕೊಂಡು ಆಸ್ಪತ್ರೆ ಮುಟ್ಟಿಸಿದ. ಟೈಫಾಯ್ಡು ವಿಕೋಪಕ್ಕೆ ಹೋಗಿ ಕರುಳಿನಲ್ಲಿ ರಕ್ತ ಹೋಗುತ್ತಿದೆ ಎಂದರು ಡಾಕ್ಟರು. ಇಷ್ಟು ದಿನ ಮನೆಯವರು ಏನು ಮಾಡುತ್ತಿದ್ದಿರಿ ಎಂದು ನನ್ನನ್ನು ಬೈದರು. ಬೈಸಿಕೊಂಡು ನಿಂತೆ. ಹದಿಮೂರು ವರ್ಷದ ಲೆಕ್ಕವನ್ನು ಅವರಿಗೆ ಏನೆಂದು ಹೇಳಲಿ?

ಎರಡು ದಿನ ಏನೂ ಹೇಳಲಾಗದ ಸ್ಥಿತಿ. ಮೂರನೆಯ ದಿನ ಜ್ವರ ಇಳಿಯಿತು. ಅಣ್ಣ ಕಣ್ಣು ಬಿಟ್ಟು ಮೊದಲು ಕೇಳಿದ್ದು, "ಸರ ಸಿಕ್ತಾ?"

"ಸಿಕ್ತು ಕಣಣ್ಣ. ಇಲಿ ಎಳ್ಕಂಡೋಗಿತ್ತು. ಅವತ್ತಿಂದ ಅಪ್ಪ ಸೋಮ್ವಾರ ಸೋಮ್ವಾರ ಬೀರೂರಿಗೋಗಿ ನಿನ್ನ ದಾರಿ ಕಾಯ್ತಿದ್ರು."

"ಹೆಂಗವ್ರೆ?"

ಇಲ್ಲವೆಂದು ಹೇಳಿದೆ. ಅವನು ಗೋಡೆಯ ಕಡೆ ತಿರುಗಿಕೊಂಡ. ಬೆನ್ನು ಅಲ್ಲಾಡುತ್ತಿತ್ತು. ನಾನು ಎದ್ದು ಹೊರಗೆ ಹೋದೆ.

ಮಧ್ಯಾಹ್ನ ಗಂಜಿ ಕುಡಿಸುವಾಗ ಅವನೇ ಕೇಳಿದ. "ನಾನಿಲ್ಲಿರದು ನಿಂಗೆ ಯಾರ್ ಹೇಳಿದ್ರೋ?"

"ನೀನೇ ತಾನೆ ಟ್ಯಾಕ್ಸಿ ಕಳ್ಸಿದ್ದು?"

"ನಾನಾ? ಎದ್ದು ನೀರು ಕುಡಿಯಕ್ಕೆ ಆಯ್ತಿರ್ಲಿಲ್ಲ. ನೀ ಬರದು ನಂಗೇನ್ ಗೊತ್ತು?"

ಅಣ್ಣ ಆ ಊರಿನಲ್ಲಿ ಯಾರೊಂದಿಗೂ ಅಜ್ಜಂಪುರದ ಹೆಸರನ್ನೇ ಎತ್ತಿರಲಿಲ್ಲ. ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದ. ಮದ್ರಾಸಿನವನೆಂದು ಎಲ್ಲರೂ ತಿಳಿದಿದ್ದರು, ಇವನೂ ತಿದ್ದಿರಲಿಲ್ಲ. ಕನ್ನಡ ಬಲ್ಲ ಒಬ್ಬನ ಪರಿಚಯವೂ ಅವನಿಗಿರಲಿಲ್ಲ. ಮನೆಯೊಡತಿಯ ಗಂಡ ಸತ್ತು ಎಷ್ಟೋ ವರ್ಷವಾಗಿತ್ತು. ಆ ಮನೆಯಲ್ಲಿ ಹಿರಿಯರೆನ್ನುವ ಗಂಡಸೇ ಇರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಸರದಾರ್ಜಿ ತಾನಾಗಿ ಆಸ್ಪತ್ರೆಗೆ ಬಂದ, ರೋಗಿ ಹೇಗಿದ್ದಾನೆ ನೋಡಿಕೊಂಡು ಹೋಗಲು. ನಾನು ಅವನನ್ನು ವರಾಂಡದ ಬೆಂಚಿನ ಮೇಲೆ ಕೂರಿಸಿಕೊಂಡು ಆ ಹಿರಿಯರ ವಿಷಯ ಕೇಳಿದೆ. ಮರುಳಪ್ಪನವರೂ ಪಕ್ಕದಲ್ಲಿದ್ದರು.

ಅವನು ಹೇಳಿದ್ದು ಇಷ್ಟು. ನಾವು ಬಂದಿಳಿಯುವ ಹಿಂದಿನ ಸಂಜೆ ವಿಮಾನ ನಿಲ್ದಾಣದ ಹೊರಗೆ ಒಬ್ಬ ಮುದುಕರು ಅವನ ಗಾಡಿ ಹತ್ತಿದರು. ಬಾಯಿ ಬಿಟ್ಟು ಒಂದು ಮಾತೂ ಆಡಲಿಲ್ಲ, ಮೂಗರಿರಬೇಕು ಅಂದುಕೊಂಡನಂತೆ. ಬಲಕ್ಕೆ, ಎಡಕ್ಕೆ ಎಂದು ಕೈಯಲ್ಲೇ ತೋರಿಸುತ್ತ ಆ ಓಣಿಗೆ ಕರೆದೊಯ್ದರು. ಇಳಿಯಲಿಲ್ಲ. ಮೇಲಿನ ಕಿಟಕಿಯನ್ನೇ ನೋಡುತ್ತ ಕುಳಿತಿದ್ದು, ವಾಪಸು ಹೊರಡು ಎಂದು ಸನ್ನೆ ಮಾಡಿದರು. ನಿಲ್ದಾಣಕ್ಕೆ ಬಂದ ಮೇಲೆ ಗಾಡಿಯಲ್ಲಿದ್ದ ರಟ್ಟನ್ನು ತೆಗೆದುಕೊಂಡು, ಜೇಬಿನ ಸೀಮೆಸುಣ್ಣದಲ್ಲಿ ಬರೆದುಕೊಟ್ಟು, ನಾಳೆ ಇದೇ ಹೊತ್ತಿಗೆ ಎಂದು ಅವನ ಕೈಗಡಿಯಾರವನ್ನು ಮುಟ್ಟಿ ತೋರಿಸಿದರು.

ನೋಡಲು ಹೇಗಿದ್ದರು ಎಂದೆ. ಎತ್ತರದ ಆಳು, ಹಣೆ ತುಂಬ ವಿಭೂತಿ, ಪಂಚೆಯ ಮೇಲೆ ಕರಿ ಕೋಟು, ಬರಿಗಾಲು. ಅಪ್ಪ ಉಡುತ್ತಿದ್ದದ್ದೂ ಹಾಗೆಯೇ. ಆದರೂ ನಮ್ಮ ಕಡೆಯ ಎಷ್ಟೋ ಮುದುಕರು ಹಾಗೆಯೇ ಇರುತ್ತಾರಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಆಗ ಸರದಾರ್ಜಿ, ಬರೆಯುವುದಕ್ಕೆ ಪಾಪ ತುಂಬ ಕಷ್ಟಪಟ್ಟರು ಎಂದು ಹೇಳಿ, ತನ್ನ ಬಲಗೈಯ ಮೂರು ಬೆರಳುಗಳನ್ನು ಮಡಿಸಿ ತೋರಿಸಿದ. ಈ ಮೂರು ಇರಲಿಲ್ಲ, ಎಡಗೈಯಲ್ಲಿ ಬರೆದರು ಅಂದ.

ಅಣ್ಣ ಹೋದ ಮಾರನೆಯ ವರ್ಷ ಗಿರಣಿಯ ಬೆಲ್ಟಿಗೆ ಸಿಕ್ಕಿ ಅಪ್ಪನ ಬಲಗೈಯ ಮೂರು ಬೆರಳು ಹೋಗಿದ್ದವು. ಅಣ್ಣನಿಗೆ ಕೂಡ ಅದು ಗೊತ್ತಿರಲಿಲ್ಲ.

ಹಗಲು ಹತ್ತು ಗಂಟೆ, ಎದುರಿಗೆ ಜನ ಓಡಾಡುತ್ತಿದ್ದಾರೆ, ನಾನು ನನ್ನ ಬಲಗೈಯ ಮೂರು ಬೆರಳು ಮಡಿಸಿ ಅದನ್ನೇ ನೋಡುತ್ತ ಕುಳಿತಿದ್ದೆ. ಮರುಳಪ್ಪನವರು "ಏನಾಯ್ತ್ರೀ? ಏನಂದ ಅವ್ನು?" ಎಂದು ಭುಜ ಹಿಡಿದು ಅಲ್ಲಾಡಿಸುತ್ತಿದ್ದರು. ಅವರಿಗೆ ಹಿಂದಿ ಬರುತ್ತಿರಲಿಲ್ಲ.

ಅಣ್ಣ ಬದುಕಿದ. ಒಂದು ತಿಂಗಳಾದ ಮೇಲೆ ಅವನನ್ನು ಊರಿಗೆ ಕರೆತಂದೆ. ಅಪ್ಪ ಹೋದ ಮೇಲೆ ಮುಚ್ಚಿದ್ದ ಗಿರಣಿ ಮತ್ತೆ ಶುರುವಾಯಿತು. ಅವನಿಗೆ ನಾನು ಎಲ್ಲವನ್ನೂ ಹೇಳಿದಾಗ ಅವನು ಎದ್ದು ಹೋಗಿ ಅಪ್ಪನ ಸಮಾಧಿಯ ಹತ್ತಿರ ಕತ್ತಲಾಗುವವರೆಗೂ ಕುಳಿತಿದ್ದು ಬಂದ.

ಅಂದಿನಿಂದ ನಾನು ಇದನ್ನು ಎಲ್ಲ ಕಡೆಯಿಂದ ಅಳೆದು ನೋಡಿದ್ದೇನೆ. ಸರದಾರ್ಜಿಗೆ ಸುಳ್ಳು ಹೇಳಿ ಆಗಬೇಕಾದ್ದೇನೂ ಇರಲಿಲ್ಲ. ಹೇಳಬೇಕೆಂದರೂ ಆ ಹೆಸರು, ಆ ಲಿಪಿ, ಆ ಬೆರಳುಗಳು ಅವನಿಗೆ ಎಲ್ಲಿಂದ ಬರಬೇಕು? ನನಗೆ ತಿಳಿಯದು. ನಂಬುತ್ತೀರಾ ಎಂದು ಕೇಳಿದರೆ ಹೌದೆನ್ನಲೂ ಬಾಯಿ ಬರುವುದಿಲ್ಲ, ಇಲ್ಲವೆನ್ನಲೂ ಬರುವುದಿಲ್ಲ.

ಅಮ್ಮನಿಗೆ ಮಾತ್ರ ಈ ಗೋಜಲು ಇರಲಿಲ್ಲ. ಅಡಿಗೆಮನೆಯಲ್ಲಿ ಕುಳಿತು ಪೂರ್ತಿ ಕೇಳಿದರು. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಬರಿಗಾಲಲ್ಲಿದ್ರಂತಾ?"

"ಹೂಂ ಕಣಮ್ಮ."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಮಣ್ಣು ಮಾಡೋವಾಗ ಕಾಲಿಗೆ ಮೆಟ್ಟು ಹಾಕಿ ಕಳಿಸ್ಬೇಕಿತ್ತು ಕಣೋ," ಅಂದರು. "ಅಷ್ಟು ದೂರ ಹೋಗ್ತಾರೆ ಅಂತ ಯಾರಿಗ್ ಗೊತ್ತಿತ್ತು."