ಟವೆಲ್ಲಿನ ಕೆಳಗಿನ ಬೆರಳು

ಖಾಸೀಮ, ನಿನ್ನ ಬಲಗೈ ಬೆರಳುಗಳು ಮಡಚಿಕೊಂಡದ್ದು ಮುಳ್ಳು ನೆಟ್ಟು ಅಲ್ಲ. ಅದು ಕುರಿಯಿಂದ ಹತ್ತಿದ ರೋಗ. ನೀನು ಚಾಕು ಹಚ್ಚುವ ಮೊದಲೇ ನನಗೆ ಗೊತ್ತಿತ್ತು — ಗೊತ್ತಿದ್ದೂ ಸುಳ್ಳು ಹೇಳಿದೆ.

ಸೈನ್ಯದಲ್ಲಿ ಡಾಕ್ಟರಾಗಿ ನಾನು ಮಾಡುವುದೇನೆಂದು ನೀನು ಎಷ್ಟೋ ಸಲ ಕೇಳಿದ್ದೀಯ. "ಗುಂಡು ಬಿದ್ದೋರಿಗೆ ಹೊಲಿಗಿ ಹಾಕ್ತಿಯೇನಲೇ ಬಸ್ಯಾ?" ಅದಲ್ಲ. ಶತ್ರು ರೋಗವನ್ನೇ ಆಯುಧ ಮಾಡಿ ಎರಚಿದರೆ ಏನು ಮಾಡಬೇಕು, ಏನನ್ನು ಮುಟ್ಟಬಾರದು ಎಂದು ಜವಾನರಿಗೆ ಕಲಿಸುವುದು. ನನ್ನ ಪಾಠ ಶುರುವಾಗುತ್ತಿದ್ದುದೇ ನೆರಡಿ ರೋಗದಿಂದ, ಇಂಗ್ಲಿಷಿನ ಆಂಥ್ರಾಕ್ಸ್. ಕುರಿ ಇದ್ದಕ್ಕಿದ್ದಂತೆ ಸತ್ತು, ಮೂಗಿನಲ್ಲಿ ಹೆಪ್ಪುಗಟ್ಟದ ಕಪ್ಪು ರಕ್ತ ಕಂಡರೆ ಕೊಯ್ಯಬೇಡಿ, ಸುಲಿಯಬೇಡಿ — ಎಷ್ಟು ಜನರಿಗೆ ಹೇಳಿದೆನೋ. ನಿನಗೊಬ್ಬನಿಗೆ ಹೇಳಲಿಲ್ಲ.

ನಿನ್ನ ಕೈ ಕೆಟ್ಟ ವರ್ಷ ನಾನು ರಜೆಗೆ ಬಂದಿದ್ದೆ. ಅಣ್ಣ ತನ್ನ ಹಿಂಡನ್ನು ಸಿಂಧನೂರು ಸಂತೆಗೆ ಹೊಡೆಯುವ ಮೊದಲೇ ನೀನು ದೊಡ್ಡಿಗೆ ಬಂದು ವ್ಯಾಪಾರಕ್ಕೆ ಕೂತೆ. ಅಣ್ಣನ ಪರವಾಗಿ ನಾನು ಕೂತೆ. ಕಾಲೇಜಿನ ಪುಸ್ತಕವನ್ನೂ ಚೌಕಾಸಿ ಮಾಡಿ ತಂದು ಓದಿದವನು ನಾನು. ನಿನ್ನೆದುರು ಮಾತ್ರ ಒಮ್ಮೆಯೂ ಗೆದ್ದವನಲ್ಲ. ಟವೆಲ್ ಮುಚ್ಚಿ, ಅದರ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು, ನೋಡುವವರಿಗೆ ತಿಳಿಯದಂತೆ ದರ ಹೇಳುವುದು ನಮ್ಮ ಪದ್ಧತಿ. ನಿನ್ನ ಬೆರಳು ವಕೀಲನ ಬಾಯಿಗಿಂತ ಚುರುಕು. ಅಂದು ನೀನೇ ಸೋತೆ. ನಗುತ್ತ ಕೈ ಬಿಟ್ಟೆ: "ಮಿಲಿಟ್ರ್ಯಾಗ ನಿನ್ನ ಬೆರಳಿಗೂ ಕವಾಯತು ಕಲಿಸ್ಯಾರ ಬಿಡು!"

ದುಡ್ಡು ಎಣಿಸುವ ಮೊದಲೇ ಹಿಂಡಿನ ಒಂದು ಕುರಿ ಬಿದ್ದು ಸತ್ತಿತು. ಮೂಗಿನಿಂದ ಅದೇ ರಕ್ತ. ತೊಗಲಾದರೂ ದಕ್ಕಲಿ ಎಂದು ನೀನು ಚಾಕು ತೆಗೆದೆ. ನನ್ನತ್ತ ತಿರುಗಿದೆ.

"ಡಾಕ್ಟರ್ ಸಾಬ್, ಏನಾಗಿ ಸತ್ತೈತಿ ಇದು?"

ರೋಗದ ಹೆಸರೆತ್ತಿದ್ದರೆ ವ್ಯಾಪಾರ ಮುರಿಯುತ್ತಿತ್ತು. ಮೊದಲ ಸಲ ಗೆದ್ದಿದ್ದೆ —

"ಬಿಸಿಲಿಗೆ ಸತ್ತೈತಲೇ. ತೊಗಲಿಗೇನೂ ಆಗಂಗಿಲ್ಲ."

ಮಾಂಸ ಮಾತ್ರ ಬೇಡ, ಹೂಳಿಸು ಎಂದೆ. ನನ್ನ ಮನಸ್ಸಿನ ಜೊತೆಗೂ ಚೌಕಾಸಿ.

ನಿನ್ನ ಕೈಯ ಹುಣ್ಣು ಕಪ್ಪಾದಾಗ ನಾನೇ ಇಂಜೆಕ್ಷನ್ ಕೊಟ್ಟೆ. ಮುಳ್ಳು ನೆಟ್ಟಿರಬೇಕು ಎಂದೆ. ಆಗಲೇ ನಿನ್ನದಾಗಿದ್ದ ಹಿಂಡಿಗೆ ಲಸಿಕೆ ಹಾಕಿಸಿದೆ, ಉಪಕಾರ ಮಾಡುವವನಂತೆ. ಜೀವ ಉಳಿಯಿತು, ಬೆರಳು ಮತ್ತೆ ಬಿಚ್ಚಲಿಲ್ಲ. ಬೆರಳು ಆಡದವನ ಜೊತೆ ಸಂತೆಯಲ್ಲಿ ಯಾರು ಟವೆಲ್ ಮುಚ್ಚುತ್ತಾರೆ? ನೀನು ಮನೆ ಹಿಡಿದೆ. ಆದರೂ ಕಂಡವರಿಗೆಲ್ಲ "ಬಸ್ಯಾ ನನ್ನ ಜೀವ ಉಳಿಸ್ಯಾನ" ಎನ್ನುತ್ತೀಯ. ರಂಜಾನಿಗೆ ತಪ್ಪದೆ ಸುರಕುಂಬಾ ಪಾಯಸ ಕಳಿಸುತ್ತೀಯ. ಒಬ್ಬನೇ ಕೂತು ಬಟ್ಟಲು ಎತ್ತಿಕೊಳ್ಳುತ್ತೇನೆ, ಆಮೇಲೆ — ಒಂದು ಸಲವೂ ಮುಗಿಸಿಲ್ಲ.

ನಿವೃತ್ತನಾದ ಮೇಲೆ ನಮ್ಮೂರು ಮಸ್ಕಿಗೆ ಬರದೆ ಲಿಂಗಸುಗೂರಿನಲ್ಲಿ ಮನೆ ಮಾಡಿದೆ. ಪೇಟೆ ಹತ್ತಿರ, ಅನುಕೂಲ ಎಂದೆ ಎಲ್ಲರಿಗೂ. ನಿನ್ನ ಕೈ ದಿನಾ ಕಣ್ಣಿಗೆ ಬೀಳಬಾರದಿತ್ತು, ಅಷ್ಟೇ. ಇಲ್ಲಿ ಜನ ಸಲಹೆಗೆ ಬರುತ್ತಾರೆ — ಮಕ್ಕಳ ಲಸಿಕೆ, ಕುಡಿಯುವ ನೀರು, ಸೈನ್ಯದ ಭರ್ತಿ. ಕೇಳದಿದ್ದರೂ ಹೇಳಿ ಕಳಿಸುತ್ತೇನೆ. ಅವರು ಎದ್ದು ಹೋದ ಮೇಲೂ ಕುರ್ಚಿಗಳನ್ನು ಒಳಗಿಡುವುದಿಲ್ಲ. ಮತ್ತೆ ಯಾರಾದರೂ ಬಂದಾರು ಎಂದು.

ಇವತ್ತು ಬೆಳಿಗ್ಗೆ ನಿನ್ನ ಫೋನು.

"ಬಸ್ಯಾ, ನಮ್ಮ ಹುಡುಗಂದು ಒಂದು ಕುರಿ ದಬಕ್ನ ಬಿದ್ದು ಸತ್ತೈತಿ, ಮೂಗಿನ್ಯಾಗ ರಕ್ತ. ಬಿಸಿಲಿಗೆ ಸತ್ರ ತೊಗಲಿಗೇನೂ ಆಗಂಗಿಲ್ಲಂತ ನೀನ ಹೇಳಿದ್ದೆಲ್ಲ, ಅದನ್ನ ಅವಗ ಹೇಳೀನಿ. ಸುಲಿಯಾಕ ಕುಂತಾನ. ಮಾಂಸ ಹೂಳಿಸಲೇನು?"

"ಚಾಕು ಇಡಾಕ ಹೇಳು ಮೊದಲ! ಯಾರೂ ಮುಟ್ಟಬ್ಯಾಡ್ರಿ. ಅದು ರೋಗ, ಕೈಗೆ ಹತ್ತತೈತಿ. ದನದ ಡಾಕ್ಟರನ್ನ ಕರೀರಿ!"

ನೀನು ಮಗನನ್ನು ಕೂಗಿದ್ದು ಕೇಳಿಸಿತು. ಅವನಿನ್ನೂ ಚಾಕು ಹಚ್ಚಿರಲಿಲ್ಲ. ಆಮೇಲೆ ನೀನೇ ಫೋನಿಗೆ ಮರಳಿ ಬಂದೆ.

"ಹಂಗಾರ… ನನ್ನ ಕೈ?"

ದನದ ಡಾಕ್ಟರನ್ನ ಕರೀರಿ ಎಂದು ಮತ್ತೆ ಅದನ್ನೇ ಹೇಳಿದೆ. ನೀನು ಫೋನ್ ಇಟ್ಟೆ. ಈಗ ಮಾಡಿದರೆ ಎತ್ತುತ್ತಿಲ್ಲ.

ಅದಕ್ಕೇ ಇದನ್ನು ಬರೆದೆ — ಬಾಯಿ ಕೈಕೊಟ್ಟರೆ ಓದಿಯಾದರೂ ಹೇಳಬೇಕೆಂದು. ಮಸ್ಕಿ ಬಸ್ಸಿಗೆ ಹೊರಟಿದ್ದೇನೆ. ಕ್ಷಮಿಸು ಎಂದು ಚೌಕಾಸಿಗೆ ಕೂರುವುದಿಲ್ಲ. ನಿನ್ನ ಮಗನ ಎದುರು, ನಿನ್ನ ಓಣಿಯವರ ಎದುರು, ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ; ಈ ಸಲ ಟವೆಲ್ ಇಲ್ಲ. ನೀನು ಬಾಗಿಲು ತೆಗೆಯದಿದ್ದರೆ ಹೊರಗೆ ನಿಂತೇ ಹೇಳುತ್ತೇನೆ.