ಇಪ್ಪತ್ತು ಕೇಜಿಯೊಳಗೆ ಇಳಿಸುವ ಚಂದ್ರಯ್ಯ

ಬೆಳಗಿನ ಐದೂವರೆ. ಹಾಸನದ ಕೈಗಾರಿಕಾ ಪ್ರದೇಶದ ಹಿಂದಿನ ಸಾಲಿನ ಶೆಡ್ಡೊಂದರಲ್ಲಿ ಆಗಲೇ ಡ್ರಿಲ್ಲಿಂಗ್ ಮೆಷಿನ್ ತಿರುಗುತ್ತಿದೆ. ಏಳಕ್ಕೆ ಕರೆಂಟ್ ಹೋಗುತ್ತದೆ, ಅಷ್ಟರೊಳಗೆ ಮುಗಿಸಬೇಕು. ಚಂದ್ರಯ್ಯ ಚೌಕದ ಅಲ್ಯೂಮಿನಿಯಂ ಪೈಪಿನ ಮೇಲೆ ಎರಡು ಹನಿ ಸೀಮೆಎಣ್ಣೆ ಬಿಟ್ಟು ಹಿಡಿ ಎಳೆಯುತ್ತಾರೆ. ಬಾಗಿಲಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿನಿ ಪ್ರಿಯಂವದಾ ನಿಮಿಷಕ್ಕೊಮ್ಮೆ ವಾಚು ನೋಡುತ್ತಿದ್ದಾಳೆ.

ಆಕೆಯ ತಂಡ ಕಟ್ಟಿದ ರೋಬೋ ನಾಳೆ ಮೈಸೂರಿನಲ್ಲಿ ಸ್ಪರ್ಧೆಗೆ ಇಳಿಯಬೇಕು. ಇಪ್ಪತ್ತು ಕೇಜಿಗಿಂತ ಒಂದು ಗ್ರಾಂ ಹೆಚ್ಚಿದ್ದರೂ ಒಳಗೆ ಬಿಡುವುದಿಲ್ಲ. ನಿನ್ನೆ ತೂಗಿದಾಗ ಒಂಬೈನೂರು ಗ್ರಾಂ ಹೆಚ್ಚಿತ್ತು. ಮೋಟಾರು, ಬ್ಯಾಟರಿಗಳನ್ನು ಕೊರೆಯಲಾದೀತೇ? ಇಳಿಸುವುದೇನಿದ್ದರೂ ಚೌಕಟ್ಟಿನ ಪೈಪಿಗೆ ತೂತು ಕೊರೆದೇ.

ದಂಡಿಗನಹಳ್ಳಿಯ ಚಂದ್ರಯ್ಯ ಹಾಸನಕ್ಕೆ ಬಂದದ್ದು ತೊಂಬತ್ನಾಲ್ಕರಲ್ಲಿ. ಬಸ್ಸಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ ಕೆಲಸ ಕಲಿತರು. ಅಲ್ಲೇ ಒಮ್ಮೆ ಚೂರು ಸಿಡಿದು ಎಡಗಣ್ಣು ಮಂಜಾಯಿತು. ಈಗ ದಿನವಿಡೀ ಅಂಗಡಿ ಬಾಗಿಲು, ಕಿಟಕಿಗಳ ಕೆಲಸ. ವರ್ಷಕ್ಕೊಮ್ಮೆ ಕಾಲೇಜು ಮಕ್ಕಳು ಬಂದಾಗ ಮಾತ್ರ ರೋಬೋ. ಇವತ್ತಿನದು ನೂರಾ ಎಂಬತ್ತು ತೂತು.

ಬೋಲ್ಟಿನಿಂದ ಎರಡು ಬೆರಳು ದೂರಕ್ಕೆ ಅವರು ಕೆಂಪು ಪೆನ್ಸಿಲಿನ ಗೆರೆ ಎಳೆಯುತ್ತಾರೆ. ಅದನ್ನು ದಾಟಿ ಬೋಲ್ಟಿನ ಕಡೆಗೆ ಜಪ್ಪಯ್ಯ ಅಂದರೂ ಕೊರೆಯುವುದಿಲ್ಲ. ಅವರ ಬಗ್ಗೆ ಬರೆಯಲು ಬಂದ ನಾನು ಏಕೆಂದು ಕೇಳುತ್ತೇನೆ.

"ಮೂರೊರ್ಸದ್ ಇಂದೆ ಕೇಳ್ದಂಗೆಲ್ಲ ಕೊರ್ದ್‌ಕೊಟ್ಟಿದ್ದೆ ಸಾ. ಆಟದ್ ಮಧ್ಯ ಬೋಲ್ಟ್ ತಾವೇ ಮುರ್ದೋಯ್ತಂತೆ. ಮಕ್ಳು ಅತ್ಕಂಡ್ ಬಂದ್ವು. ನಂಗೆ ಅವತ್ತು ಅನ್ನ ಸೇರ್ನಿಲ್ಲ."

ಆರೂವರೆಗೆ ಕೊರೆತ ಮುಗಿಯುತ್ತದೆ. ಪ್ರಿಯಂವದಾಳ ತಂಡದ ಹುಡುಗರು ಒಂದೊಂದೇ ಪೈಪನ್ನು ಕಸಿದುಕೊಂಡು, ತುದಿಗಳಿಗೆ ಪ್ಲಾಸ್ಟಿಕ್ ಮುಚ್ಚಳ ಬಡಿದು, ರೋಬೋ ಜೋಡಿಸಿ ತಕ್ಕಡಿಗೆ ಏರಿಸುತ್ತಾರೆ. ಇಪ್ಪತ್ತು ಕೇಜಿ, ನೂರಾಮೂವತ್ತು ಗ್ರಾಂ. ಎಲ್ಲರ ಮುಖವೂ ಸಪ್ಪಗಾಗುತ್ತದೆ.

"ಚಂದ್ರಣ್ಣ, ಗೆರೆ ದಾಟಿ ಇನ್ನೊಂದಿಪ್ಪತ್ತು ತೂತು ಹಾಕ್ಬಿಡಿ, ಪ್ಲೀಸ್. ಎಂಟಕ್ಕೆ ಬಸ್ಸು."

"ಆಗಾಕಿಲ್ಲ ಕಣವ್ವ. ಅಲ್ಲೇ ಮುರ್ಯಾದು."

ಪ್ರಿಯಂವದಾಳ ಕಣ್ಣು ತುಂಬುತ್ತದೆ. ಚಂದ್ರಯ್ಯ ತಲೆ ಕೆರೆದುಕೊಂಡು ಮೆಷಿನ್ನಿನ ಕೆಳಗೆ ಬಿದ್ದ ಪುಡಿಯನ್ನು ನೋಡುತ್ತಾರೆ. ನೂರಾ ಎಂಬತ್ತು ತೂತಿನ ಪುಡಿ ಇಷ್ಟೇ ಇರಲಿಕ್ಕಿಲ್ಲ. ಪೈಪು ಕೊರೆದ ಮೇಲೆ ನಿಲ್ಲಿಸಿ ಕುಟ್ಟುವುದು ಅವರ ರೂಢಿ. ಇವತ್ತು ಹುಡುಗರ ಅವಸರದಲ್ಲಿ ಅದಕ್ಕೆ ಪುರುಸೊತ್ತೇ ಸಿಕ್ಕಿಲ್ಲ. ಒಂದು ಮುಚ್ಚಳ ಕಿತ್ತು, ರೋಬೋವನ್ನು ಓರೆ ಮಾಡಿ, ಮರದ ಸುತ್ತಿಗೆಯಿಂದ ತಟ್ಟುತ್ತಾರೆ. ಸೀಮೆಎಣ್ಣೆಯಲ್ಲಿ ಮುದ್ದೆಗಟ್ಟಿದ ಪುಡಿ ದೊಪ್ಪನೆ ಬೀಳುತ್ತದೆ.

"ಅಯ್ಯೋ ನಿಮ್ ಅವಸ್ರುಕ್ಕಿಷ್ಟು! ತೆಗ್ದಿದ್ದನ್ನೆಲ್ಲ ಒಳಗೇ ತುಂಬಿ ಬಿರಡೆ ಜಡ್ದಿದೀರಲ್ಲ!"

ಹದಿನಾರು ಮುಚ್ಚಳಗಳೂ ಕಿತ್ತು ಬಂದು, ಪುಡಿ ಸುರಿದ ಮೇಲೆ ಮತ್ತೆ ಕೂರುತ್ತವೆ. ಮತ್ತೆ ತಕ್ಕಡಿ. ಹತ್ತೊಂಬತ್ತು ಕೇಜಿ, ಒಂಬೈನೂರ ನಲವತ್ತು. ಉಸ್ಸಪ್ಪಾ! ಬರೆದುಕೊಳ್ಳಲು ಹೋದ ನಾನೂ ಪೆನ್ನು ಬಿಟ್ಟು ಚಪ್ಪಾಳೆ ತಟ್ಟುತ್ತೇನೆ. ಪ್ರಿಯಂವದಾ ಅಳುತ್ತಲೇ ನಗುತ್ತಾಳೆ.

ಆಟೋ ಬಸ್‌ಸ್ಟ್ಯಾಂಡಿನ ಕಡೆ ಹೊರಟ ಮೇಲೆ ಚಂದ್ರಯ್ಯ ಬೀಡಿ ಹಚ್ಚಿ ಕೂರುತ್ತಾರೆ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ನಾಲ್ಕೊರ್ಸದಿಂದ ಕೊರೀತಾವ್ನಿ ಸಾ. ನಮ್ ಶೆಡ್ಡಲ್ಲಿ ಅದು ತಕ್ಕಡಿ ಮೇಲೆ ಸುಮ್ಕೆ ಕೂತಿರ್ತದೆ. ಅದು ಓಡಾದು ಎಂಗಿರ್ತದೆ ಅಂತ ಒಂದ್ಸಲ ನೋಡ್ಬೇಕು."