ಇಟಲಿಯವರಿಗಾಗಿ ಹೊಡೆದ ಹೊಗೆ

“ಸೊಳ್ಳೆಗೆ ಅಷ್ಟೇ ಕಣಮ್ಮ, ಮನುಷ್ಯರಿಗೆ ಏನೂ ಆಗಲ್ಲ.”

“ಮನುಷ್ಯರು ಹಾಳಾಗ್ಲಿ ಬಿಡಪ್ಪಾ, ಒಳಗೆ ಹುಳ ಐತೆ! ಆಪು! ನಿಲ್ಸು ಅಂತಿದ್ದೀನಿ!”

ಮೊದಲನೆಯ ಮಾತು ಪಿಕಪ್ ವ್ಯಾನಿನ ಹಿಂದೆ ಫಾಗಿಂಗ್ ಮಷಿನ್ ಹಿಡಿದು ನಿಂತಿದ್ದವನದು. ಎರಡನೆಯದು ನನ್ನ ದೊಡ್ಡಪ್ಪನ ಮಗಳು ಸುಜಾತಕ್ಕನದು. (ಸಿಟ್ಟು ನೆತ್ತಿಗೇರಿದರೆ ನಮ್ಮ ಕಡೆಯವರ ಬಾಯಲ್ಲಿ ತೆಲುಗು ತಾನಾಗಿ ಬರುತ್ತದೆ.) ತಲೆಯ ಮೇಲಿದ್ದ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ರಸ್ತೆಗೇ ಎಸೆದು ಅವಳು ಓಡಿದಳು. ಹಿಂದೆ ನಾನು. ವ್ಯಾನ್ ನಿಂತಿತು. ಹೊಗೆ ನಿಲ್ಲಲಿಲ್ಲ. ಗಾಳಿ ಅದನ್ನು ಅವಳ ರೇಷ್ಮೆ ಹುಳಮನೆಯ ಕಿಟಕಿಯ ಕಡೆಗೇ ತಳ್ಳುತ್ತಿತ್ತು.

ಇದು ನಡೆದದ್ದು ಹೋದ ವಾರ, ಸಾದಲಿ ಹತ್ತಿರದ ಅವಳ ಊರಿನಲ್ಲಿ. ನೋಡಿದ್ದನ್ನು ಮಾತ್ರ ಬರೆಯುತ್ತೇನೆ.

ಮರುದಿನ ಆ ಊರಿಗೆ ರೇಷ್ಮೆ ಒಪ್ಪಂದದ ಕಾರ್ಯಕ್ರಮಕ್ಕೆ ಇಟಲಿಯವರು ಬರುವವರಿದ್ದರು. ಅವರಲ್ಲಿ ರೇಷ್ಮೆ ನೇಯುವ ಮಿಲ್ಲುಗಳಿವೆ, ಡಿಸೈನ್ ಇದೆ, ಕೊಳ್ಳುವ ಜಗತ್ತಿದೆ. ನಮ್ಮಲ್ಲಿ ಹುಳ ಇದೆ. ಎರಡು ದೇಶಗಳ ವ್ಯಾಪಾರ ಎಂದರೆ ಕೊನೆಗೆ ಇಷ್ಟೇ ತಾನೆ? ಪೇಪರಿನಲ್ಲಿ ಒಪ್ಪಂದದ ಸುದ್ದಿ ಬಂದಾಗಲೆಲ್ಲ ಎರಡು ಬಾವುಟ, ಎರಡು ಪೆನ್ನು, ಕುಲುಕುವ ಕೈಗಳನ್ನು ನೋಡಿ ನಾವು ಪುಟ ತಿರುಗಿಸುತ್ತೇವೆ. ಈ ಸಲ ಆ ಪುಟ ಸುಜಾತಕ್ಕನ ಮನೆ ಬಾಗಿಲಿಗೇ ಬಂದಿತ್ತು.

ಅವಳ ಮನೆಯೇ ಏಕೆ? ಇಟಲಿಯವರಿಗೆ ಬೇಕಿದ್ದದ್ದು ಬಿಳಿ ಗೂಡಿನ ನೂಲು. ಊರಿನಲ್ಲಿ ಉಳಿದವರೆಲ್ಲ ಹಳದಿ ಗೂಡು ಬೆಳೆಯುತ್ತಾರೆ. ಬಿಳಿ ಗೂಡಿನ ಹುಳ ನಾಜೂಕು, ಸ್ವಲ್ಪ ಹೆಚ್ಚು ಕಡಿಮೆಯಾದರೂ ಕೈಕೊಡುತ್ತದೆ. “ಮೊದಲು ನೀನು ಬೆಳೆ ತೆಗಿಯೇ ತಾಯಿ, ಆಮೇಲೆ ನಾವೂ ಹಾಕ್ತೀವಿ” ಎಂದು ಓಣಿಯ ಹೆಂಗಸರು ಅವಳನ್ನು ಮುಂದೆ ಬಿಟ್ಟಿದ್ದರು. ಅವಳು ಹಟ ಹಿಡಿದು ಸಾಕಿದ್ದಳು. ಹುಳ ನಾಲ್ಕನೇ ಜ್ವರ ದಾಟಿತ್ತು. (ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಕಳೆದು, ಎಲೆ ತಿಂದು, ಹಣ್ಣಾದರೆ ಗೂಡು ಕಟ್ಟುತ್ತವೆ.) ಅತಿಥಿಗಳು ಬರುವ ದಿನವೇ ಹಣ್ಣಾಗಬೇಕಿತ್ತು.

ನನ್ನನ್ನು ಕರೆಸಿದ್ದು ಒಂದೇ ಒಂದು ಪ್ರಶ್ನೆಗಾಗಿ. “ಇಟಲಿಯೋರೂ ಹಿಂದೆ ಹುಳ ಸಾಕ್ತಿದ್ರಂತಲ್ಲೋ. ಯಾಕೆ ಬಿಟ್ರು ಅಂತ ಇಂಗ್ಲಿಷಲ್ಲಿ ಕೇಳ್ಕೊಡು. ಓಣಿಯೋರೆಲ್ಲ ಹಾಕೋಕೆ ಮುಂಚೆ ತಿಳ್ಕೊಬೇಕಲ್ಲಪ್ಪ.”

ಹುಳ ಸಾಕುವ ಊರು ಹೇಗಿರುತ್ತದೆ ಎಂದು ನಿಮಗೆ ಗೊತ್ತಿರಬಹುದು. ಸೊಳ್ಳೆ ಬತ್ತಿ ಹಚ್ಚುವುದಿಲ್ಲ. ಊದುಬತ್ತಿಗೂ ಯೋಚಿಸುತ್ತಾರೆ. ಸೆಖೆಯಿರಲಿ, ಏನೇ ಇರಲಿ, ಪರದೆ ಕಟ್ಟಿಯೇ ಮಲಗುತ್ತಾರೆ. ಹುಳಮನೆಯ ಹೊಸ್ತಿಲಿನಲ್ಲಿ, ಹೊರಗಿನ ಸೋಂಕು ದಾಟದಿರಲೆಂದು, ಸುಣ್ಣದ ಗೆರೆ. ಮದುವೆಗೆ ಕರೆಯಲು ಬಂದ ಬೀಗರೂ ಗೆರೆಯಾಚೆ ನಿಂತು “ಹುಳ ಯಾವ ಜ್ವರದಲ್ಲೈತೆ?” ಎಂದು ಕೇಳಿ, ಪತ್ರಿಕೆ ಕಟ್ಟೆಯ ಮೇಲಿಟ್ಟು ಹೋಗುತ್ತಾರೆ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಆದರೆ ಶಾಮಿಯಾನ, ಸೌಂಡು, ಸ್ವಾಗತ ಎಲ್ಲವನ್ನೂ ವಹಿಸಿಕೊಂಡಿದ್ದವರು ಬೆಂಗಳೂರಿನ ಈವೆಂಟ್‌ನವರು. ಡೆಂಗ್ಯೂ ಸೀಸನ್, ಫಾರಿನ್ ಗೆಸ್ಟ್, ರಿಸ್ಕ್ ಬೇಡ ಎಂದು ಯಾರೋ ಅಂದರಂತೆ. ಸಂಜೆ, ನಾವಿಬ್ಬರೂ ಸೊಪ್ಪು ಕೊಯ್ಯಲು ಹೋಗಿದ್ದಾಗ, ವ್ಯಾನ್ ಬಂತು. ಸೊಳ್ಳೆ ಕೊಲ್ಲುವ ಹೊಗೆ ರೇಷ್ಮೆ ಹುಳವನ್ನು ಬಿಡುತ್ತದೆಯೇ? ಅದೂ ಹುಳವೇ ಅಲ್ಲವೇ?

ಒದ್ದೆ ಗೋಣಿಚೀಲ ಕಟ್ಟಿ ಕಿಟಕಿಗಳನ್ನು ಮುಚ್ಚಿದೆವು. ತಡವಾಗಿತ್ತು. ಒಳಗೆ ಎಲೆ ತಿನ್ನುವ ಚರಚರ ಸದ್ದು ಮೊದಲು ತೆಳುವಾಯಿತು. ಆಮೇಲೆ ನಿಂತಿತು. ಹುಳಗಳು ಎಲೆ ಬಿಟ್ಟು ತಲೆ ಎತ್ತಿದವು. ಆ ಕಡೆ ಈ ಕಡೆ ತಲೆ ಆಡಿಸಿದವು. ಬಾಯಿಂದ ಹಸಿರು ನೀರು ಬಂತು. ಮೈ ಮುದುಡಿಕೊಂಡಿತು. ಸುಜಾತಕ್ಕ ಒಂದನ್ನು ಅಂಗೈಯಲ್ಲಿಟ್ಟುಕೊಂಡು ಮಗುಚಿ ನೋಡಿದಳು. ಅಳಲಿಲ್ಲ. “ಸೊಪ್ಪು ರಸ್ತೇಲೇ ಐತೆ, ಎತ್ಕೊಂಬಾ. ಯಾರಾದ್ರೂ ತುಳೀತಾರೆ” ಎಂದಳು.

ಬೆಳಿಗ್ಗೆ ಕಾರ್ಯಕ್ರಮದ ಹೊಣೆ ಹೊತ್ತ ಅಧಿಕಾರಿ ಬಂದರು. ಅಂಬಾಜಿದುರ್ಗದ ಕಡೆಯವರು, ಹುಳ ಸಾಕಿದ ಮನೆಯಲ್ಲೇ ಬೆಳೆದವರು. ಸುಣ್ಣದ ಗೆರೆಯಾಚೆ ನಿಂತು ಒಳಗೆ ಒಮ್ಮೆ ನೋಡಿದರು. ಅವರಿಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ.

“ಅಕ್ಕಾ, ಈಗ ಗಲಾಟೆ ಬೇಡ. ದೇಶದ ಮರ್ಯಾದೆ.”

“ನಿಮ್ಮಮ್ಮನ ಹುಳಮನೇಗೆ ಹಿಂಗೆ ಮಾಡಿದ್ರೆ ಯಾವ ದೇಶ ಅಂತಿದ್ದೆ ನೀನು?”

ಅವರು ತಲೆ ತಗ್ಗಿಸಿದರು. ತಗ್ಗಿಸಿದ ತಲೆಯಲ್ಲೇ ಫೋನ್ ಮಾಡಿದರು. ತಮ್ಮ ಕಡೆಯ ಯಾರದೋ ಮನೆಯಿಂದ ಹುಳ ತರಿಸಿ, ತಟ್ಟೆಗಳನ್ನು ಶಾಮಿಯಾನದ ಕೆಳಗೆ ಜೋಡಿಸಿದರು. ಅಷ್ಟರಲ್ಲಿ ನಾವು ಹಿತ್ತಿಲಿನಲ್ಲಿ ಗುಂಡಿ ತೋಡಿ ಸತ್ತವನ್ನು ಮುಚ್ಚಿದ್ದೆವು. ಸುಜಾತಕ್ಕನಿಗೆ ರೇಷ್ಮೆ ಸೀರೆ ಉಟ್ಟುಕೊಳ್ಳಲು ಹೇಳಿದರು. ಉಟ್ಟಳು.

ಈವೆಂಟ್‌ನವರು ಸುಣ್ಣದ ಗೆರೆಯ ಮೇಲೆಯೇ ಕೆಂಪು ಕಾರ್ಪೆಟ್ ಹಾಸಿದ್ದರು.

ಅತಿಥಿಗಳಲ್ಲಿ ವಯಸ್ಸಾದ ಹೆಂಗಸೊಬ್ಬರಿದ್ದರು. ಹುಳದ ತಟ್ಟೆಯ ಹತ್ತಿರ ಬಂದವರು ತಟ್ಟನೆ ನಿಂತರು. “ನಾನು ಸೆಂಟ್ ಹಾಕಿಕೊಂಡಿದ್ದೇನೆ, ಹತ್ತಿರ ಬರಬಹುದೇ?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವರ ಅಜ್ಜಿ ಹುಳ ಸಾಕುತ್ತಿದ್ದರಂತೆ. ಇಡೀ ಶಾಮಿಯಾನದಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ.

ಸುಜಾತಕ್ಕ ನನ್ನ ಮೊಣಕೈ ತಿವಿದಳು. ಅವಳ ಪ್ರಶ್ನೆಯನ್ನು ನಾನು ಕೇಳಿದೆ. ಆಕೆ ನಿಧಾನವಾಗಿ ಉತ್ತರಿಸಿದರು. ನಾನು ಅಷ್ಟೇ ನಿಧಾನವಾಗಿ ಕನ್ನಡಕ್ಕೆ ತಂದೆ: “ಪಕ್ಕದವರು ಹಣ್ಣಿನ ತೋಟ ಮಾಡಿದ್ರಂತೆ. ಗಿಡಕ್ಕೆ ಔಷಧಿ ಹೊಡೆದ್ರಂತೆ. ಗಾಳೀಲಿ ಬಂದು ಇವರ ಸೊಪ್ಪಿನ ಮೇಲೆ ಬಿತ್ತಂತೆ. ಹುಳ ಹೋದ್ವು. ಆಮೇಲೆ ಅಜ್ಜಿ ಸಾಕಲಿಲ್ಲವಂತೆ.”

“ಅವರಿಗೂನಾ?” ಎಂದಳು ಸುಜಾತಕ್ಕ.

ಆ ಅತಿಥಿ ನನ್ನ ಮುಖ ನೋಡಿದರು. ಇವರು ಏನೆಂದರು? ನಾನು ಬಾಯಿ ತೆರೆಯುವ ಮೊದಲೇ ಅಧಿಕಾರಿ ನಕ್ಕು, “ನಿಮಗೆ ಸ್ವಾಗತ ಅಂತಿದ್ದಾರೆ” ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟರು. ಅಲ್ಲ ಎಂದೆ. ನಿನ್ನೆ ಸಂಜೆ ಇಲ್ಲಿಯೂ ಅದೇ ಆಯಿತು, ಈ ತಟ್ಟೆಯ ಹುಳ ಈ ಮನೆಯದಲ್ಲ ಎಂದೆ. ಆಕೆಯ ಮುಖ ಬಿಳಿಚಿತು. ಸುಜಾತಕ್ಕನ ಎರಡೂ ಕೈ ಹಿಡಿದುಕೊಂಡರು. ಏನೋ ಹೇಳಹೊರಟರು. ಫೋಟೋದವರು “ಹಾಗೇ ಇರಿ, ಹಾಗೇ ಇರಿ” ಎಂದರು. ಫ್ಲ್ಯಾಶ್ ಬಿತ್ತು. ಅಷ್ಟರಲ್ಲಿ ಊಟಕ್ಕೆ ಹೊತ್ತಾಯಿತೆಂದು ಅತಿಥಿಗಳನ್ನು ಕಾರು ಹತ್ತಿಸಿದರು.

ಮರುದಿನ ಪೇಪರಿನಲ್ಲಿ ಆ ಫೋಟೋ ಬಂತು. ಹಿಡಿದ ಕೈಗಳು, ಹಿಂದೆ ಎರಡು ಬಾವುಟ. ‘ರೇಷ್ಮೆ ಬೆಸೆದ ಬಾಂಧವ್ಯ’ ಎಂದು ಕೆಳಗೆ ಬರೆದಿದ್ದರು. ಬಾಂಧವ್ಯ ಸುಳ್ಳೇನಲ್ಲ. ಒಂದು ದುಃಖ ಇನ್ನೊಂದರ ಕೈ ಹಿಡಿದದ್ದು ನಿಜವೇ. ಆದರೆ ಆ ಕೈಗಳು ಏಕೆ ಸೇರಿದವು ಎಂಬುದು ಯಾವ ಒಪ್ಪಂದದಲ್ಲಿ ಬರುತ್ತದೆ?

ಓಣಿಯ ಹೆಂಗಸರು ಈ ಸಲವೂ ಹಳದಿ ಗೂಡಿನ ಮೊಟ್ಟೆಗೇ ಹೇಳಿದ್ದಾರೆ. ಯಾರೂ ಅವಳನ್ನು ಅಂದಿಲ್ಲ, ಆಡಿಲ್ಲ. “ಇರ್ಲಿ ಬಿಡು ಸುಜಾತಾ, ನೋಡಣ” ಎನ್ನುತ್ತಾರೆ. ಅದೇ ಅವಳಿಗೆ ಚುಚ್ಚುತ್ತದೆ.

ನಾನು ಹೊರಟಾಗ ಅವಳು ಖಾಲಿ ಹುಳಮನೆಯನ್ನು ತೊಳೆಯುತ್ತಿದ್ದಳು. ನೀರು ಹೊಸ್ತಿಲು ದಾಟಿ, ಕಾರ್ಪೆಟ್ ತೆಗೆದ ಜಾಗದಲ್ಲಿ ಉಳಿದಿದ್ದ ಸುಣ್ಣವನ್ನೂ ಕೊಚ್ಚಿಕೊಂಡು ಹೋಗುತ್ತಿತ್ತು.

“ಆಯಮ್ಮನ ಅಜ್ಜಿ ಬಿಟ್ಬಿಟ್ರು ಅಂದ್ಯಲ್ಲ” ಎಂದಳು, ತಲೆ ಎತ್ತದೆ. “ಒಂದೇ ಸಲಕ್ಕೆ ಬಿಟ್ರಾ, ಇನ್ನೊಂದು ಸಲ ಹಾಕಿ ನೋಡಿ ಬಿಟ್ರಾ? ಕೇಳಿದ್ಯೇನೋ?”

ಕೇಳಿರಲಿಲ್ಲ.

ಅಂದ ಹಾಗೆ, ಕಾರ್ಯಕ್ರಮ ಯಶಸ್ವಿಯಾಯಿತು ಎಂಬುದನ್ನು ನಾನೂ ಒಪ್ಪುತ್ತೇನೆ: ಇಟಲಿಯವರಿಗೆ ಒಂದು ಸೊಳ್ಳೆಯೂ ಕಚ್ಚಲಿಲ್ಲ.